ಶಹಜಾದಿ ಆಪಾ ಕಟ್ಟಿಕೊಟ್ಟ ಸ್ಯಾಂಪಲ್

ಹಸಿ ಮಾಂಸದಲ್ಲಿ ಎಷ್ಟು ಬ್ಯಾಕ್ಟೀರಿಯಾ ಇವೆ ಎಂದು ತಿಳಿಯಲು ನಮ್ಮ ಲ್ಯಾಬಿನಲ್ಲಿ ಎರಡು ದಾರಿಗಳಿದ್ದವು. ಒಂದು ನನ್ನದು, ಇನ್ನೊಂದು ಮಧುಕುಮಾರನದು.

ನನ್ನದು ನಿಧಾನದ ದಾರಿ. ಮಾಂಸವನ್ನು ನೀರಿನ ಜೊತೆ ಚೀಲಕ್ಕೆ ಹಾಕಿ ಮೆಷಿನ್ನಿನಲ್ಲಿ ಕುಟ್ಟಿಸಿ, ಆ ನೀರನ್ನು ಮತ್ತೆ ಮತ್ತೆ ತೆಳು ಮಾಡಿ, ಬ್ಯಾಕ್ಟೀರಿಯಾಕ್ಕೆ ಆಹಾರವಾಗುವ ಅಗರ್ ಎಂಬ ಜೆಲ್ಲಿ ಹಾಕಿದ ತಟ್ಟೆಗಳಲ್ಲಿ ಬಿಟ್ಟು ಎರಡು ದಿನ ಬೆಚ್ಚಗೆ ಇಡಬೇಕು. ಕಣ್ಣಿಗೆ ಕಾಣದ ಒಂದೊಂದು ಬ್ಯಾಕ್ಟೀರಿಯಾವೂ ಬೆಳೆದು ಒಂದೊಂದು ಚುಕ್ಕಿಯಾಗುತ್ತದೆ. ಕೂತು ಚುಕ್ಕಿ ಎಣಿಸಬೇಕು. ಮಧುವಿನದು ಅವಸರದ ದಾರಿ. ಅದೇ ನೀರಿಗೆ ಒಂದಿಷ್ಟು ನೀಲಿ ಬಣ್ಣ ಬೆರೆಸಿ, ಟ್ಯೂಬಿನಲ್ಲಿ ತುಂಬಿ, ಬೆಚ್ಚನೆ ನೀರಿನಲ್ಲಿ ನಿಲ್ಲಿಸುವುದು. ಬ್ಯಾಕ್ಟೀರಿಯಾ ಉಸಿರಾಡುತ್ತಾ ಹೋದಂತೆ ನೀಲಿ ಕರಗುತ್ತದೆ. ಬೇಗ ಕರಗಿತು ಅಂದರೆ ಬ್ಯಾಕ್ಟೀರಿಯಾ ಜಾಸ್ತಿ, ತಡವಾದರೆ ಕಡಿಮೆ. ಸಂಜೆಯೊಳಗೆ ಉತ್ತರ ಸಿಗುತ್ತದೆ. ಮಧುವಿಗೆ ತಾಳ್ಮೆ ಅನ್ನುವುದು ಹುಟ್ಟುವಾಗಲೇ ಕೊಟ್ಟಿರಲಿಲ್ಲವಾದ್ದರಿಂದ ಈ ದಾರಿ ಅವನಿಗೆ ಹೇಳಿ ಮಾಡಿಸಿದ ಹಾಗಿತ್ತು.

ಚಿಕ್ಕಬಳ್ಳಾಪುರದ ನಮ್ಮ ಲ್ಯಾಬಿನ ಯಜಮಾನರು ಹರಿಕೃಷ್ಣ ಸರ್. ಎರಡು ದಾರಿಯನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು, ಉತ್ತರ ಹೊಂದಿದರೆ ಇನ್ನು ಮುಂದೆ ನೀಲಿಯೊಂದೇ ಸಾಕು ಎನ್ನುವುದು ಅವರ ಆಸೆ. ಅದಕ್ಕೆ ಸರಿಯಾಗಿ ಶಿಡ್ಲಘಟ್ಟದಿಂದ ಕೆಲಸ ಬಂತು. ಅಲ್ಲಿ ಹೊಸ ಮಾಂಸದ ಮಾರುಕಟ್ಟೆ ಕಟ್ಟಿದ್ದರು. ಹಳೇ ಗಲ್ಲಿಯ ತಗಡಿನ ಅಂಗಡಿಗಳನ್ನು ಯುಗಾದಿಗೆ ಮುಂಚೆ ತೆಗೆಸುತ್ತಾರೆ. ಯಾರ ಮಾಂಸ ಪರೀಕ್ಷೆಯಲ್ಲಿ ಪಾಸಾಗುತ್ತದೋ ಅವರಿಗೆ ಮಾತ್ರ ಹೊಸ ಮಳಿಗೆ. ಮಳಿಗೆ ಹಂಚುವ ಸಮಿತಿಗೆ ಮುನಿವೆಂಕಟಪ್ಪ ಎಂಬ ನಿವೃತ್ತ ಪಶುವೈದ್ಯರು ಅಧ್ಯಕ್ಷರು.

ಆ ಗಲ್ಲಿಯಲ್ಲಿ ಹೆಂಗಸು ನಡೆಸುವ ಅಂಗಡಿ ಒಂದೇ ಇತ್ತು, ಎಲ್ಲರೂ ಆಪಾ, ಅಂದರೆ ಅಕ್ಕ, ಎಂದು ಕರೆಯುವ ಶಹಜಾದಿಯದು. ಗಂಡ ಮಜರ್ ತೀರಿಕೊಂಡ ಮೇಲೆ ಆಕೆಯೇ ಮಚ್ಚು ಹಿಡಿದು ನಿಂತಿದ್ದಳು. ಹೊಸ ಮಳಿಗೆ ಸಿಗದಿದ್ದರೆ ಆಕೆಗೆ ಬೇರೆ ಅಂಗಡಿ ಇಲ್ಲ, ಬೇರೆ ಕೆಲಸವೂ ಬಾರದು. ಮಕ್ಕಳಿಲ್ಲ. ಇದನ್ನೆಲ್ಲ ಆಕೆ ನನ್ನ ಮುಂದೆ ಗೋಳಾಡಿ ಹೇಳಿದ್ದಲ್ಲ. ಪಕ್ಕದ ಅಂಗಡಿಯವರು ಹೇಳಿದ್ದು. ಆಕೆ ಗೋಳಾಡುವ ಪೈಕಿಯೇ ಅಲ್ಲ, ಮೂಳೆ ಜಾಸ್ತಿ ಹಾಕಿದ್ದೀಯಮ್ಮ ಎಂದ ಗಿರಾಕಿಗೆ, "ಮೂಳೆ ಇಲ್ದೆ ಇರೋ ಮೇಕೆ ನೀನೇ ಸಾಕ್ಕೊಂಡ್ ಬಾ, ಕುಯ್ದು ಕೊಡ್ತೀನಿ" ಎನ್ನುವ ಪೈಕಿ. ನನಗೆ ಮೊದಲ ದಿನವೇ ಇಷ್ಟವಾದಳು.

ಇಲ್ಲಿ ನನ್ನ ವಿಷಯವೂ ಒಂದಿಷ್ಟು ಹೇಳಬೇಕು. ನಾನಾಗ ಬಸುರಿ. ಮೂರು ತಿಂಗಳು ತುಂಬಿರಲಿಲ್ಲ. ಹೋದ ವರ್ಷ ಹೀಗೇ ಆದಾಗ ಸಡಗರದಲ್ಲಿ ಊರಿಗೆಲ್ಲ ಸಿಹಿ ಹಂಚಿದ್ದೆವು. ಆಮೇಲೆ ಮಗು ನಿಲ್ಲಲಿಲ್ಲ. ಸಿಹಿ ತಿಂದವರಿಗೆಲ್ಲ ಮತ್ತೆ ಒಬ್ಬೊಬ್ಬರಿಗೇ ಅದನ್ನು ಹೇಳಬೇಕಾಯಿತು. ಹೇಳಿ ಹೇಳಿ ನನ್ನ ನಾಲಿಗೆ ಒಣಗಿಹೋಗಿತ್ತು. ಅದಕ್ಕೇ ಈ ಸಲ ಗಂಡನನ್ನು ಬಿಟ್ಟು ಒಂದು ನರಪಿಳ್ಳೆಗೂ ಹೇಳಿರಲಿಲ್ಲ. ಲ್ಯಾಬಿನಲ್ಲಂತೂ ಹೇಳುವ ಹಾಗೇ ಇರಲಿಲ್ಲ. ನನ್ನದು ಗುತ್ತಿಗೆಯ ಕೆಲಸ, ಯುಗಾದಿ ಆದ ಮೇಲೆ ಹೊಸದಾಗಿ ಸಹಿ ಆಗಬೇಕು. ನನಗಿಂತ ಮುಂಚೆ ಇದ್ದ ರೂಬಿ ಬಸುರಿ ಎಂದು ಗೊತ್ತಾದ ಕೂಡಲೇ ಹರಿಕೃಷ್ಣ ಸರ್ ಬಹಳ ಕಾಳಜಿಯಿಂದ, "ಬ್ಯಾಕ್ಟೀರಿಯಾ ಮಧ್ಯೆ ಬೇಡಮ್ಮ, ಮನೇಲಿ ರೆಸ್ಟ್ ತಗೊಳ್ಳಿ" ಎಂದು ಕಳಿಸಿದ್ದರು. ಕಾಳಜಿ ನಿಜವೇ ಇರಬಹುದು. ಆದರೆ ವಾಪಸ್ ಕರೆಯುವುದನ್ನು ಮರೆತರು.

ಸ್ಯಾಂಪಲ್ ತರುವುದು ನನ್ನ ಪಾಲಿಗೆ ಬಂತು. ಬೆಳಗ್ಗೆ ಯಾರ ಮಾಂಸವಾದರೂ ಚೆನ್ನಾಗಿಯೇ ಇರುತ್ತದೆ, ದಿನವೆಲ್ಲ ತೂಗುಹಾಕಿ ಮಾರಿದ ಮೇಲೆ ಹೇಗಿದೆ ನೋಡಿ ಎಂದಿದ್ದರು ಮುನಿವೆಂಕಟಪ್ಪನವರು. ಹಾಗಾಗಿ ಸಂಜೆ ಹೋದೆ. ಪ್ರತಿ ಅಂಗಡಿಯಲ್ಲೂ ನಾನೇ ಶುದ್ಧ ಮಾಡಿದ ಚಾಕುವಿನಿಂದ ಕುಯ್ದು, ಅಲ್ಲೇ ತೂಗಿ, ಮೆಷಿನ್ನಿಗೆ ಹಾಕುವ ಚೀಲಕ್ಕೇ ನೇರವಾಗಿ ತುಂಬಿ, ಬಾಯಿ ಕಟ್ಟಿ, ಐಸ್ ಡಬ್ಬಿಯಲ್ಲಿ ಇಡುವುದು. ಶಹಜಾದಿ ಆಪಾದು ಕೊನೇ ಅಂಗಡಿ.

ಗಲ್ಲಿಯ ಹಿಂದೆಯೇ ರೇಷ್ಮೆ ನೂಲು ತೆಗೆಯುವ ಮನೆಗಳು. ಬೇಯಿಸಿದ ಗೂಡಿನ ವಾಸನೆ ಶಿಡ್ಲಘಟ್ಟದವರಿಗೆ ವಾಸನೆಯೇ ಅಲ್ಲ. ನನ್ನ ಅತ್ತೆ ಮನೆ ಸಾದಲಿಯಲ್ಲಿ ಹುಳು ಸಾಕುವವರದೇ ಆದ್ದರಿಂದ ನನಗೂ ಅದು ಹೊಸದಲ್ಲ. ಆದರೆ ಆ ಸಂಜೆ ಆಪಾ ಅಂಗಡಿಯ ಮುಂದೆ ಮೇಕೆ ತಲೆಕಾಲು ಸುಡುತ್ತಿದ್ದರು. ಆ ಕೂದಲು ಸುಟ್ಟ ಕಮಟು, ಈ ಗೂಡಿನ ವಾಸನೆ, ಎರಡೂ ಒಟ್ಟಿಗೆ ಮೂಗಿಗೆ ಹೊಡೆದವು. ಮಾಂಸ ತೂಗಿ ಚೀಲಕ್ಕೆ ಹಾಕಿದ್ದೆ. ಬಾಯಿ ಕಟ್ಟುವುದೊಂದೇ ಬಾಕಿ. ಚೀಲವನ್ನು ಹಾಗೇ ಬಿಟ್ಟು ಚರಂಡಿಗೆ ಓಡಿದೆ.

ವಾಂತಿ ಮಾಡುವಾಗ ಬೆನ್ನ ಮೇಲೆ ಒಂದು ಕೈ ಬಂತು. ಆಪಾ ಚೊಂಬಿನಲ್ಲಿ ನೀರು ಕೊಟ್ಟು ನನ್ನ ಮುಖವನ್ನೇ ನೋಡಿದಳು.

"ಎಷ್ಟ್ ತಿಂಗ್ಳಮ್ಮ?" ಎಂದಳು.

ಸುಳ್ಳು ಹೇಳಲು ಬಾಯಿ ತೆರೆದೆ. ಹೇಳಲಾಗಲಿಲ್ಲ. "ಆಪಾ, ಯಾರ್ಗೂ ಹೇಳಿಲ್ಲ. ಹೋದ್ಸಲ ಹೋಗ್ಬಿಡ್ತು. ನಮ್ ಆಫೀಸ್ನಲ್ಲಿ ಗೊತ್ತಾದ್ರೆ ಕೆಲ್ಸಾನೂ ಹೋಗತ್ತೆ" ಎಂದು ಒಂದೇ ಉಸಿರಿಗೆ ಎಲ್ಲ ಒದರಿಬಿಟ್ಟೆ.

"ನಾನ್ಯಾಕ್ ಹೇಳ್ಲಿ? ಅಲ್ಲಾ ಮೇಲಾಣೆ, ನನ್ ಬಾಯಿಂದ ಬರಲ್ಲ. ನೀನು ಮುಖ ತೊಳ್ಕೊ ಬೇಟಾ" ಎಂದು ಅಂಗಡಿಗೆ ಹೋದಳು.

ನಾನು ಸುಧಾರಿಸಿಕೊಂಡು ಬರುವ ಹೊತ್ತಿಗೆ ಆಪಾ ಚೀಲದ ಬಾಯಿ ಕಟ್ಟಿ ಡಬ್ಬಿಯಲ್ಲಿ ಇಟ್ಟಾಗಿತ್ತು. ನಿಯಮದ ಪ್ರಕಾರ ನಾನು ಅದನ್ನು ಎಸೆದು ಹೊಸದಾಗಿ ಕುಯ್ಯಬೇಕಿತ್ತು. ಮತ್ತೆ ಆ ವಾಸನೆಯಲ್ಲಿ ನಿಲ್ಲುವ ಶಕ್ತಿ ಇರಲಿಲ್ಲ. ಬಸ್ಸಿಗೂ ಹೊತ್ತಾಗಿತ್ತು. "ದೀಪ ಹಚ್ಚೋ ಹೊತ್ತು, ಹುಷಾರಾಗ್ ಹೋಗು" ಎಂದು ಆಪಾ ಡಬ್ಬಿಯನ್ನು ತಾನೇ ಬಸ್ ಸ್ಟ್ಯಾಂಡಿನವರೆಗೆ ಹೊತ್ತು ತಂದು ಕೊಟ್ಟಳು.

ಮಾರನೇ ದಿನ ಮಧು ಚೀಲಗಳಿಗೆ ನೀರು ಹಾಕಿ ಒಂದೊಂದನ್ನೇ ಮೆಷಿನ್ನಿಗೆ ಕೊಟ್ಟ. ಕುಟ್ಟಿದ ನೀರು ನನಗೊಂದು ಪಾಲು, ಅವನಿಗೊಂದು ಪಾಲು. ನಾನು ತಟ್ಟೆಗೆ ಹಾಕುತ್ತಾ ಇರುವಾಗಲೇ ಅವನ ಕಡೆಯಿಂದ ಕೂಗು ಬಂತು.

"ಚೈತ್ರಾ ಮೇಡಂ, ನಿಮ್ ಆಪಾ ಅಂಗ್ಡಿ ಗೋವಿಂದ! ಬಣ್ಣ ಹಾಕಿ ಇನ್ನೂ ಕೈ ತೊಳೆದಿಲ್ಲ, ನೀಲಿ ಹೋಗೇ ಹೋಯ್ತು!"

ಹೋಗಿ ನೋಡಿದೆ. ಉಳಿದ ಟ್ಯೂಬುಗಳೆಲ್ಲ ಗಾಢ ನೀಲಿಯಲ್ಲಿ ನಿಂತಿದ್ದವು. ಆಪಾದು ಮಾತ್ರ ಕಲಗಚ್ಚಿನ ಹಾಗೆ ಮಂಕಾಗಿತ್ತು. ಬಣ್ಣ ಹಾಕದೆ ಮೀಸಲಿಟ್ಟಿದ್ದ ಆಪಾ ಚೀಲದ ನೀರೂ ಕಪ್ಪಗೇ ಇತ್ತು. "ರಕ್ತ ಜಾಸ್ತಿ ಇರ್ಬೇಕು" ಎಂದು ಮಧು ಬರೆದುಕೊಂಡ.

ಎರಡು ದಿನ ನನಗೆ ಅನ್ನ ಸೇರಲಿಲ್ಲ. ಮೂರನೇ ದಿನ ತಟ್ಟೆ ತೆಗೆದರೆ, ಆಪಾ ಅಂಗಡಿಯದರಲ್ಲಿ ಚುಕ್ಕಿಗಳು ಬೆರಳೆಣಿಕೆಯಷ್ಟು. ಇಡೀ ಗಲ್ಲಿಯಲ್ಲೇ ಶುದ್ಧವಾದ ಮಾಂಸ ಆಕೆಯದು. ಬೇರೆ ಎಲ್ಲ ಅಂಗಡಿಯದಕ್ಕೂ ಎರಡು ದಾರಿಯ ಉತ್ತರಗಳು ಗಂಡ ಹೆಂಡತಿಯ ಹಾಗೆ ಹೊಂದಿಕೊಂಡಿದ್ದವು. ಇದೊಂದರಲ್ಲಿ ಮಾತ್ರ ಒಂದು ಪೂರ್ವ, ಇನ್ನೊಂದು ಪಶ್ಚಿಮ.

"ಎರಡರಲ್ಲಿ ಕೆಟ್ಟದ್ದನ್ನೇ ನಂಬಬೇಕು. ಜನರ ಹೊಟ್ಟೆ ವಿಷಯ" ಎಂದರು ಹರಿಕೃಷ್ಣ ಸರ್. ಆ ಮಾತಿನಲ್ಲಿ ತಪ್ಪಿಲ್ಲ. ಆದರೆ ನೀಲಿ ಅಷ್ಟು ಬೇಗ ಹೋಗಬೇಕಾದರೆ ಆ ಮಾಂಸ ಕೊಳೆತು ಚಿಂತಾಮಣಿವರೆಗೆ ನಾರಬೇಕಿತ್ತು. ನಾನೇ ಕುಯ್ದ ಮಾಂಸ, ನನ್ನ ಮೂಗಿಗೆ ಆಗ ಇರುವೆ ಸತ್ತರೂ ಗೊತ್ತಾಗುತ್ತಿತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವಳು ನಾನಲ್ಲ.

ಮಧುವಿನ ಟ್ಯೂಬನ್ನು ತೆಗೆದು ಜೋರಾಗಿ ಅಲುಗಾಡಿಸಿದೆ. ಬ್ಯಾಕ್ಟೀರಿಯಾದಿಂದ ಹೋದ ನೀಲಿಯಾದರೆ ಗಾಳಿ ಸೇರಿದ ಕೂಡಲೇ ಮತ್ತೆ ಮೂಡುತ್ತದೆ. ಮೂಡಲಿಲ್ಲ. ಇಲ್ಲಿ ಬಣ್ಣ ಬದಲಾಗಿಲ್ಲ, ಏನೋ ಅದನ್ನು ಹೀರಿಕೊಂಡಿದೆ ಎಂದಾಯಿತು. ಫ್ರಿಜ್ಜಿನಲ್ಲಿದ್ದ ಅಸಲು ಚೀಲ ತೆಗೆದು ಬೆಳಕಿಗೆ ಹಿಡಿದೆ. ತಳದಲ್ಲಿ ಕಪ್ಪು ಪುಡಿ ಕೂತಿತ್ತು. ಕೈಗವಸಿನ ಬೆರಳಿಗೆ ತೀಡಿಕೊಂಡು ನೋಡಿದೆ. ಇದ್ದಿಲು.

ನೋಡಿದ ಕ್ಷಣವೇ ಎಲ್ಲ ಗೊತ್ತಾಯಿತು. ನಮ್ಮ ಕಡೆ ಹೊತ್ತು ಮುಳುಗಿದ ಮೇಲೆ ಮಾಂಸ ಸಾಗಿಸಬೇಕಾದರೆ ಜೊತೆಗೊಂದು ಇದ್ದಿಲ ಚೂರು ಹಾಕದೆ ಮನೆಯ ಹಿರಿಯ ಹೆಂಗಸರು ಯಾರೂ ಕಳಿಸುವುದಿಲ್ಲ. ಗಾಳಿ ಗೀಳಿ ಸೋಕಬಾರದು ಅಂತ. ಬಸುರಿ ಹೆಂಗಸಿನ ಕೈಯಲ್ಲಂತೂ ಮಾಂಸವನ್ನೇ ಕಳಿಸುವುದಿಲ್ಲ. ನನ್ನ ಅತ್ತೆ ವರಲಕ್ಷ್ಮಮ್ಮ ಸಾದಲಿಯಿಂದ ಸಾರು ಕಳಿಸಿದರೂ ಡಬ್ಬಿಯ ಮೇಲೆ ಇದ್ದಿಲು ಇರುತ್ತದೆ. ನಾನು ಎಂಎಸ್ಸಿ ಓದಿದವಳು ಎಂಬ ಕೊಬ್ಬಿನಲ್ಲಿ ಅದನ್ನು ತೆಗೆದು ಎಸೆದು ನಗುತ್ತಿದ್ದೆ. ಆಪಾ ತಲೆಕಾಲು ಸುಡುವ ಒಲೆಯಿಂದ ಒಂದು ಚೂರು ಎತ್ತಿ ಮಾಂಸದ ಜೊತೆ ಸೇರಿಸಿದ್ದಾಳೆ. ಮೆಷಿನ್ನು ಅದನ್ನು ಪುಡಿ ಮಾಡಿದೆ. ಪುಡಿ ನೀಲಿಯನ್ನು ಕುಡಿದಿದೆ. ಅನುಮಾನ ಬೇಡವೆಂದು ಬರೀ ನೀರಿಗೆ ಇದ್ದಿಲ ಪುಡಿಯನ್ನೂ ನೀಲಿಯನ್ನೂ ಹಾಕಿ ನೋಡಿದೆ. ಅಲ್ಲಿ ಒಂದೂ ಬ್ಯಾಕ್ಟೀರಿಯಾ ಇರಲಿಲ್ಲ. ಆದರೂ ನೀಲಿ ಹೋಯಿತು.

ಖುಷಿಯಿಂದ ಸರ್ ಹತ್ತಿರ ಓಡಿದೆ. ಇದ್ದಿಲು ಅಂದೆ, ನೀಲಿ ಹೀರಿದೆ ಅಂದೆ, ಪರೀಕ್ಷೆಯದೇ ತಪ್ಪು, ಮಾಂಸದ್ದಲ್ಲ ಅಂದೆ.

ಅವರು ಕನ್ನಡಕ ತೆಗೆದರು. "ಅಂದ್ರೆ ಆಕೆ ಸ್ಯಾಂಪಲ್‌ಗೆ ಏನೋ ಬೆರೆಸಿದಾಳೆ. ಇದ್ದಿಲು ವಾಸನೇನೂ ಹೀರತ್ತೆ, ಗೊತ್ತಲ್ಲ? ಬ್ಯಾಕ್ಟೀರಿಯಾನೂ ಹಿಡ್ಕೊಳತ್ತೆ. ಹಾಗಿದ್ರೆ ನಿಮ್ಮ ತಟ್ಟೆ ಲೆಕ್ಕಾನೂ ನಂಬೋ ಹಾಗಿಲ್ಲ. ಇದು ಫೇಲ್ ಅಲ್ಲಮ್ಮ, ಮೋಸ. ಮೋಸ ಮಾಡಿದೋರಿಗೆ ಮರುಪರೀಕ್ಷೆ ಇಲ್ಲ. ಸಮಿತಿಗೆ ಹೇಳ್ತೀನಿ."

ಆಕೆಯನ್ನು ಉಳಿಸಲು ಹೋಗಿ ಹೂತುಹಾಕಿದ್ದೆ. ಬಾಯಿಯವರೆಗೆ ಬಂದ ಮಾತನ್ನು ನುಂಗಿಕೊಂಡೆ. ಆಪಾನೇ ಸಮಿತಿಯ ಮುಂದೆ ಕಾರಣ ಹೇಳುತ್ತಾಳೆ, ಹೇಳಲಿ, ಆಮೇಲೆ ನನ್ನ ಕೆಲಸ ಹೋದರೆ ಹೋಗಲಿ ಎಂದುಕೊಂಡೆ. ನಾನಾಗಿ ಹೇಳುವ ಧೈರ್ಯ ಇರಲಿಲ್ಲ. ಭಯ ಕೆಲಸದ್ದು ಮಾತ್ರ ಅಲ್ಲ. ಬಾಯಿ ಬಿಟ್ಟು ಹೇಳಿದರೆ ಈ ಮಗುವೂ ನಿಲ್ಲುವುದಿಲ್ಲವೇನೋ ಎಂಬ ಹೆದರಿಕೆ ಎದೆಯಲ್ಲಿ ಕೂತಿತ್ತು. ಇದ್ದಿಲಿಗೆ ನಕ್ಕವಳ ಹೆದರಿಕೆ ನೋಡಿ!

ಸೋಮವಾರ ಶಿಡ್ಲಘಟ್ಟದಲ್ಲಿ ಸಭೆ. ನಾನೂ ಮಧುವೂ ಸರ್ ಹಿಂದೆ ಕೂತಿದ್ದೆವು. ಶಹಜಾದಿ ಆಪಾ ಬುರ್ಖಾದ ತೋಳು ಸರಿಮಾಡಿಕೊಳ್ಳುತ್ತಾ ಮೇಜಿನ ಮುಂದೆ ನಿಂತಳು. ಅಂಗಡಿಯಲ್ಲಿ ಕಾಣುವಷ್ಟು ಎತ್ತರ ಕಾಣಲಿಲ್ಲ.

"ಏನಮ್ಮ, ಚೀಲಕ್ಕೆ ಇದ್ದಿಲು ಹಾಕಿದ್ದು ನೀನೇನಾ?" ಎಂದು ಮುನಿವೆಂಕಟಪ್ಪನವರು ಕೇಳಿದರು.

"ಹೂಂ ಸಾರ್. ನಾನೇ ಹಾಕ್ದೆ."

"ಯಾಕೆ?"

ಆಪಾ ಗೋಡೆಯ ಕಡೆ ಮುಖ ತಿರುಗಿಸಿದಳು.

"ಗಿರಾಕಿಗಳಿಗೂ ಹಾಕ್ಕೊಡ್ತೀಯಾ?"

"ಇಲ್ಲ ಸಾರ್."

"ಮತ್ತೆ ಇದಕ್ಕೆ ಮಾತ್ರ ಯಾಕೆ? ವಾಸನೆ ಬರ್ತಿತ್ತಾ? ನೋಡಮ್ಮ, ಕಾರಣ ಹೇಳಿದ್ರೆ ಯೋಚ್ನೆ ಮಾಡಬೋದು. ಹೇಳದೆ ಇದ್ರೆ ನಿನ್ನ ಹೆಸರು ಹೊಡೆದು ಹಾಕ್ಬೇಕಾಗತ್ತೆ."

"ತಪ್ಪಾಯ್ತು ಸಾರ್. ಹೊಡೆದ್ ಹಾಕಿ."

ಒಂದು ಸಲವೂ ನನ್ನ ಕಡೆ ತಿರುಗಲಿಲ್ಲ. ತಿರುಗಿದರೆ ಬೇರೆಯವರಿಗೆ ಎಲ್ಲಿ ಗೊತ್ತಾಗಿಬಿಡುತ್ತದೋ ಎಂದು ಗೋಡೆಯನ್ನೇ ನೋಡುತ್ತಿದ್ದಳು. ಮುನಿವೆಂಕಟಪ್ಪನವರು ಪೆನ್ನಿನ ಮುಚ್ಚಳ ತೆಗೆದರು. ನನ್ನ ಮೇಲೆ ನನಗೇ ಎಂಥ ಸಿಟ್ಟು ಬಂತೆಂದರೆ, ಕುರ್ಚಿ ಹಿಂದಕ್ಕೆ ಬೀಳುವ ಹಾಗೆ ಎದ್ದು ನಿಂತೆ.

"ಸರ್, ಆಕೆ ಇದ್ದಿಲು ಹಾಕಿದ್ದು ಮಾಂಸಕ್ಕಲ್ಲ, ನನಗೆ" ಎಂದೆ. "ನಾನು ಬಸುರಿ. ಸಂಜೆ ಹೊತ್ತಲ್ಲಿ ಬಸುರಿ ಹೆಂಗಸು ಹಸಿ ಮಾಂಸ ಹಿಡ್ಕೊಂಡು ಒಬ್ಬಳೇ ಬಸ್ಸಲ್ಲಿ ಹೋಗ್ತಾಳಲ್ಲ ಅಂತ ಹಾಕಿದ್ದು. ಯಾರಿಗೂ ಹೇಳ್ಬೇಡಿ ಅಂತ ನಾನೇ ಕೇಳ್ಕೊಂಡಿದ್ದೆ. ಅದಕ್ಕೇ ಹೇಳ್ತಿಲ್ಲ. ಆಮೇಲೆ, ಚೀಲದ ಬಾಯಿ ಕಟ್ಟದೆ ಬಿಟ್ಟು ಹೋದೋಳು ನಾನು. ಅದು ಲ್ಯಾಬಿನ ತಪ್ಪು, ಅಂಗಡಿಯದಲ್ಲ."

ಮಧು ಬಾಯಿ ತೆರೆದವನು ಮುಚ್ಚಲಿಲ್ಲ. ಹರಿಕೃಷ್ಣ ಸರ್ ಕಿವಿಯವರೆಗೂ ಕೆಂಪಾದರು. ಮುನಿವೆಂಕಟಪ್ಪನವರು ಪೆನ್ನಿಗೆ ಮುಚ್ಚಳ ಹಾಕಿ, ತಲೆ ಕೆರೆದುಕೊಂಡು, "ನನ್ ಹೆಂಡ್ತಿ ಆಗಿದ್ರೂ ಹಾಕೇ ಕಳಿಸ್ತಿದ್ಲು" ಎಂದರು. ಆಮೇಲೆ ಗಂಟಲು ಸರಿಮಾಡಿಕೊಂಡು, ತಪ್ಪು ಲ್ಯಾಬಿನದಾದ್ದರಿಂದ ಮರುಪರೀಕ್ಷೆ ಆಗತಕ್ಕದ್ದು, ಈ ಸಲ ಸ್ಯಾಂಪಲ್ ಮಧುಕುಮಾರ್ ತರತಕ್ಕದ್ದು, ಎರಡೂ ವಿಧಾನದಲ್ಲಿ ನೋಡತಕ್ಕದ್ದು ಎಂದು ಬರೆಸಿದರು.

ಹೊರಗೆ ಬಂದರೆ ಆಪಾ ಬೇವಿನ ಮರದ ಕೆಳಗೆ ಕಾಯುತ್ತಿದ್ದಳು. ಧನ್ಯವಾದ ಹೇಳುತ್ತಾಳೆ ಎಂದುಕೊಂಡರೆ ಬೈಗುಳವೇ ಶುರುವಾಯಿತು.

"ಬುದ್ಧಿ ಇದೆಯಾ ನಿಂಗೆ? ಮೂರು ತುಂಬೋಕ್ ಮುಂಚೆ ಅಷ್ಟ್ ಗಂಡಸ್ರ ಮುಂದೆ ಡಂಗುರ ಸಾರ್ತಾರಾ? ಅಂಗಡಿ ಹೋಗಿದ್ರೆ ಗಾಡೀಲಿ ಕೋಳಿ ಮಾರ್ತಿದ್ದೆ. ನಂಗೇನಾಗ್ತಿತ್ತು?"

"ನೀವ್ಯಾಕೆ ಆಪಾ ಹೇಳ್ಲಿಲ್ಲ? ಅವರು ಹೆಸರೇ ಹೊಡೀತಿದ್ರು."

ಆಕೆ ಸಿಟ್ಟೆಲ್ಲ ಇಳಿದ ದನಿಯಲ್ಲಿ ಹೇಳಿದಳು. "ನಂದೂ ಎರಡು ಹೋಯ್ತು ಬೇಟಾ. ಎರಡು ಸಲಾನೂ ಅಂಗಡಿಯಿಂದ ಮಾಂಸ ಹೊತ್ಕೊಂಡು ಮನೆಗ್ ಬರ್ತಿದ್ದೆ, ಸಂಜೆ ಹೊತ್ತು. ನಾವು ಅಂಗಡಿಯೋರು, ನಮಗ್ಯಾಕೆ ಇದ್ದಿಲು ಅಂತ ಯಾರೂ ಹಾಕ್ಕೊಡ್ಲಿಲ್ಲ. ಹಾಕಿದ್ರೆ ನಿಲ್ತಿತ್ತು ಅಂತ ನಾನ್ ಹೇಳಲ್ಲ. ನಂಗೊತ್ತಿಲ್ಲ. ಆದ್ರೂ ಒಂದ್ ಚೂರು ಹಾಕಬೋದಿತ್ತಲ್ಲ ಯಾರಾದ್ರೂ."

ನಡುಬೀದಿಯಲ್ಲೇ ಆಕೆಯ ಭುಜಕ್ಕೆ ತಲೆಯಿಟ್ಟು ಅತ್ತೆ. ಹೋದ ವರ್ಷದ ಅಳುವೆಲ್ಲ ಅವತ್ತು ಬಂತು.

ಮಾರನೇ ದಿನದಿಂದ ಸರ್ ನನ್ನನ್ನು ಮಾಂಸ ಮುಟ್ಟಲು ಬಿಡಲಿಲ್ಲ. ಹೊರಗಿನ ಕೋಣೆಯಲ್ಲಿ ರಿಪೋರ್ಟ್ ಟೈಪ್ ಮಾಡಲು ಕೂರಿಸಿದರು. ಗುತ್ತಿಗೆಯ ವಿಷಯ ಕೇಳಿದ್ದಕ್ಕೆ "ನೋಡೋಣಮ್ಮ" ಎಂದರು. ಆ ನೋಡೋಣದ ಅರ್ಥ ರೂಬಿಯನ್ನು ಕೇಳಿದರೆ ಗೊತ್ತಾಗುತ್ತದೆ.

ಮಧು ಸಂಜೆ ಹೋಗಿ ಸ್ಯಾಂಪಲ್ ತಂದ. ಮಾರನೇ ದಿನ ಟ್ಯೂಬು ಇಟ್ಟವನು ತಾಳ್ಮೆಗೆಟ್ಟು ಗಳಿಗೆಗೊಂದು ಸಲ ಬಂದು, "ಇನ್ನೂ ನೀಲೀನೇ ಇದೆ ಮೇಡಂ" ಎಂದು ಹೇಳಿ ಹೋಗುತ್ತಿದ್ದ. ಊಟದ ಹೊತ್ತಿಗೂ ಇತ್ತು, ಸಂಜೆಗೂ ಇತ್ತು. ತಟ್ಟೆಗಳಿಗಾಗಿ ಎರಡು ದಿನ ಕಾದೆವು. ಚುಕ್ಕಿಗಳನ್ನು ಅವನೇ ಎಣಿಸಿದ, ಅದೂ ಎರಡೆರಡು ಸಲ. ಹುಟ್ಟಿದ ಮೇಲೆ ಮೊದಲ ಸಲ ನಿಧಾನವಾಗಿ ಮಾಡಿದ ಕೆಲಸ ಅದಿರಬೇಕು. ಎರಡೂ ದಾರಿ ಒಂದೇ ಮಾತು ಹೇಳಿದವು.

ಆಪಾಗೆ ಫೋನ್ ಮಾಡಿದೆ. "ಆಪಾ, ಚೈತ್ರಾ" ಎಂದೆ ಅಷ್ಟೇ. ಆ ಕಡೆಯಿಂದ ಉಸಿರು ಬಿಗಿಹಿಡಿದ ದನಿ ಬಂತು.

"ಏನಾಯ್ತಮ್ಮ? ಮಗು ಚೆನ್ನಾಗಿದೆ ತಾನೆ?"

ನಾನು ಹೇಳಲು ಹೊರಟಿದ್ದು ಮಳಿಗೆ ಸಿಕ್ಕ ಸುದ್ದಿ. ಬಾಯಿಂದ ಬಂದದ್ದು, "ಚೆನ್ನಾಗಿದೆ ಆಪಾ" ಎಂಬ ಮಾತು. ಯಾರ ಮುಂದೆಯೂ, ನನ್ನ ಮುಂದೆಯೂ, ಅದುವರೆಗೆ ನಾನು ಅದನ್ನು ಹೇಳಿರಲಿಲ್ಲ.